ಎಣ್ಣೆ ಕುಡಿದ ಮಣ್ಣಿನಲ್ಲಿ ಬೇರು ಬಾಯಾರುತ್ತದೆ

ನಮ್ಮ ತೋಟದ ಬಾವಿಯ ದಂಡೆಯಲ್ಲಿ ಹಿಂದೆ ಒಂದು ಡೀಸೆಲ್ ಪಂಪ್‌ಸೆಟ್ ಇತ್ತು. ಕರೆಂಟು ಬಂದ ಮೇಲೆ ಅದನ್ನು ಮಾರಿದೆವು. ಎಂಜಿನ್ ಕೂತಿದ್ದ ಜಾಗ ಮಾತ್ರ ಮೊರದಗಲ ಕಪ್ಪಗೆ ಉಳಿದುಕೊಂಡಿತು. ವರ್ಷಗಟ್ಟಲೆ ಅಲ್ಲಿ ಡೀಸೆಲ್ ಸೋರಿತ್ತು, ಬದಲಾಯಿಸಿದ ಆಯಿಲ್ ಚೆಲ್ಲಿತ್ತು. ಸುತ್ತ ಗರಿಕೆ, ತುಂಬೆ, ಪಾರ್ಥೇನಿಯಂ ಎಲ್ಲವೂ ದಟ್ಟವಾಗಿ ಬೆಳೆಯುತ್ತಿದ್ದವು. ಆ ಮೊರದಗಲ ಜಾಗಕ್ಕೆ ಗರಿಕೆಯೂ ಕಾಲಿಡುತ್ತಿರಲಿಲ್ಲ.

ಒಂದು ಮುಂಗಾರಿನಲ್ಲಿ ಜೋರು ಮಳೆ ನಿಂತ ಕೂಡಲೇ ಹೋಗಿ ನೋಡಿದ್ದೆ. ಸುತ್ತಲ ನೆಲ ನೀರು ಕುಡಿದು ಮೆತ್ತಗಾಗಿತ್ತು. ಆ ಕಪ್ಪು ಜಾಗದ ಮೇಲೆ ನೀರು ಕೆಸುವಿನ ಎಲೆಯ ಮೇಲಿನಂತೆ ಗುಂಡುಗುಂಡಾಗಿ ನಿಂತಿತ್ತು, ತಗ್ಗು ಸಿಕ್ಕ ಕಡೆ ಉರುಳುತ್ತಿತ್ತು. ಅಪ್ಪ ಗುದ್ದಲಿಯಿಂದ ಒಂದೇಟು ಕೆದಕಿದರು. ನಾಲ್ಕು ಬೆರಳು ಆಳದಲ್ಲೇ ಮಣ್ಣು ಒಲೆಯ ಬೂದಿಯ ಹಾಗೆ ಒಣಗಿತ್ತು. “ಎಣ್ಣೆ ಕುಡಿದ ಮಣ್ಣು ನೀರು ಕುಡಿಯಲ್ಲ ಮಗಾ” ಅಂದರು.

ಡೀಸೆಲ್, ಎಂಜಿನ್ ಆಯಿಲ್ ಎರಡೂ ಕಚ್ಚಾ ತೈಲದಿಂದಲೇ ಹುಟ್ಟಿದವು. ಮೊರದಗಲ ಜಾಗದಲ್ಲಿ ನಾನು ಕಂಡದ್ದು ಹೊಲಗಳಗಲ, ಹೊಳೆಯ ಮುಖಜಭೂಮಿಗಳಗಲ ನಡೆದ ನಾಡುಗಳಿವೆ. ಕೊಳವೆ ಒಡೆದಾಗ, ಹಡಗು ಬಂಡೆಗೆ ಬಡಿದಾಗ, ತೈಲ ಬಾವಿ ಸಿಡಿದಾಗ ಪತ್ರಿಕೆಗಳು ಎಷ್ಟು ಬ್ಯಾರೆಲ್ ಹರಿಯಿತು, ಎಷ್ಟು ಕೋಟಿ ನಷ್ಟವಾಯಿತು ಎಂದು ಬರೆಯುತ್ತವೆ. ಎಣ್ಣೆ ಮೆತ್ತಿದ ಹಕ್ಕಿಯ ಚಿತ್ರ ಅಚ್ಚಾಗುತ್ತದೆ. ಸದ್ದಿಲ್ಲದೆ ಸಾಯುವ ಗಿಡದ ಸುದ್ದಿ ಬರುವುದು ಕಡಿಮೆ. ಗಿಡ ಹೇಗೆ ಸಾಯುತ್ತದೆ ಎಂದು ತಿಳಿದುಕೊಂಡರೆ ಮಣ್ಣನ್ನು ಹೇಗೆ ಬದುಕಿಸಬೇಕು ಎಂಬುದೂ ತಿಳಿಯುತ್ತದೆ. ಆದ್ದರಿಂದ ಈ ವಾರ ಅದನ್ನೇ ಬಿಡಿಸಿ ಹೇಳುತ್ತೇನೆ.

ಕಚ್ಚಾ ತೈಲ ಸಾವಿರಾರು ಬಗೆಯ ಹೈಡ್ರೋಕಾರ್ಬನ್‌ಗಳ ಬೆರಕೆ. ಅದರಲ್ಲಿ ಬೆಂಜೀನ್, ಟಾಲ್ಯೂಯೀನ್‌ನಂಥ ಹಗುರ ಅಂಶಗಳಿವೆ. ಇವು ಬೇಗ ಆವಿಯಾಗುತ್ತವೆ, ಆದರೆ ಆವಿಯಾಗುವ ಮುಂಚೆ ಜೀವಕೋಶಕ್ಕೆ ನೇರವಾಗಿ ಕೈಹಾಕುತ್ತವೆ. ಜೀವಕೋಶದ ಪೊರೆ ಬಹುಮಟ್ಟಿಗೆ ಕೊಬ್ಬಿನಿಂದಾದದ್ದು. ಎಣ್ಣೆ ಕೊಬ್ಬನ್ನು ಕರಗಿಸುತ್ತದೆ. ಪೊರೆ ಸಡಿಲಗೊಂಡರೆ ಒಳಗಿನ ರಸ ಸೋರಿ ಎಳೆಯ ಬೇರು ಒಂದೆರಡು ದಿನದಲ್ಲೇ ಬಾಡುತ್ತದೆ. ಇನ್ನೊಂದು ತುದಿಯಲ್ಲಿ ಡಾಂಬರಿನಂಥ ಭಾರದ ಅಂಶಗಳಿವೆ. ಇವುಗಳ ವಿಷ ಅಷ್ಟು ಚುರುಕಲ್ಲ. ಇವು ಮಣ್ಣಿಗೆ, ಬೇರಿಗೆ, ಕಾಂಡಕ್ಕೆ ಮೆತ್ತಿಕೊಂಡು ದಶಕಗಟ್ಟಲೆ ಕದಲದೆ ಕೂರುತ್ತವೆ. ಹಗುರ ಅಂಶ ಮೊದಲ ವಾರದಲ್ಲೇ ಕೊಲ್ಲುತ್ತದೆ, ಭಾರದ ಅಂಶ ಮುಂದಿನ ತಲೆಮಾರಿನ ಗಿಡವನ್ನು ಹುಟ್ಟಲು ಬಿಡುವುದಿಲ್ಲ.

ಬೀಜದಿಂದ ಶುರು ಮಾಡೋಣ. ಬೀಜ ಎಚ್ಚರಗೊಳ್ಳಬೇಕಾದರೆ ನೀರು ಹೀರಿ ಉಬ್ಬಬೇಕು. ಅವರೆಕಾಳು ನೆನೆಹಾಕಿದವರಿಗೆಲ್ಲ ಇದು ಗೊತ್ತು. ಸಿಪ್ಪೆಯ ಮೇಲೆ ಎಣ್ಣೆಯ ಪದರ ಕೂತರೆ ನೀರು ಒಳಗೆ ಇಳಿಯದು. ಇಳಿದರೂ ತಡವಾಗುತ್ತದೆ. ತಡವಾಗಿ ಮೊಳೆತ ಸಸಿಗೆ ಹದ ತಪ್ಪಿರುತ್ತದೆ. ಹಗುರ ಅಂಶಗಳು ಸಿಪ್ಪೆ ದಾಟಿ ಒಳಹೊಕ್ಕರೆ ಭ್ರೂಣವೇ ಸಾಯುತ್ತದೆ. ಬದುಕಿ ಬಂದ ಮೊಳಕೆಯ ಬೇರು ಗಿಡ್ಡವಾಗಿ, ದಪ್ಪಗೆ, ಮುರುಟಿಕೊಂಡು ಬರುತ್ತದೆ. ನೀರು ಹುಡುಕಿಕೊಂಡು ಹೋಗುವ ನೂಲಿನಂಥ ರೋಮಗಳು ಅದಕ್ಕೆ ಕಡಿಮೆ.

ಇನ್ನು ಮಣ್ಣು. ಒಳ್ಳೆಯ ಮಣ್ಣನ್ನು ಹಿಡಿಯಲ್ಲಿ ಹಿಡಿದರೆ ಅದರ ಅರ್ಧದಷ್ಟು ಖಾಲಿ ಜಾಗ. ಕಣಕಣದ ನಡುವಿನ ಆ ಸಂದುಗಳಲ್ಲಿ ಗಾಳಿ ಇದೆ, ನೀರಿದೆ, ಬೇರು ನುಸುಳುವ ದಾರಿ ಇದೆ. ಎಣ್ಣೆ ಕಣಗಳಿಗೆ ಸವರಿಕೊಂಡು ಸಂದುಗಳನ್ನು ಮುಚ್ಚುತ್ತದೆ. ಮೇಲಿಂದ ಮಳೆ ಸುರಿದರೂ ಬೇರಿನ ಬಳಿ ಬರಗಾಲ. ನೈಜೀರಿಯಾದ ದಕ್ಷಿಣ ತುದಿಯಂಥ ಭಾರಿ ಮಳೆಯ ನಾಡಿನಲ್ಲೂ ಎಣ್ಣೆ ಬಿದ್ದ ಹೊಲದ ಗಿಡ ನೀರಿಲ್ಲದೆ ಸೊರಗುವುದು ಹೀಗೆ. ಅಪ್ಪನ ಗುದ್ದಲಿ ನನಗೆ ತೋರಿಸಿದ್ದು ಇದನ್ನೇ.

ಬಾಯಾರಿಕೆಯ ಜೊತೆಗೆ ಉಸಿರುಗಟ್ಟುತ್ತದೆ. ಬೇರೂ ಉಸಿರಾಡುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಮಣ್ಣಿನೊಳಗೆ ಎಣ್ಣೆಯನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾಗಳಿವೆ. ಎಣ್ಣೆ ಬಿದ್ದ ಕೂಡಲೇ ಅವು ಒಂದಕ್ಕೆ ಸಾವಿರವಾಗಿ ಹೆಚ್ಚುತ್ತವೆ, ಮಣ್ಣಿನಲ್ಲಿದ್ದ ಆಮ್ಲಜನಕವನ್ನು ತಮ್ಮ ಕೆಲಸಕ್ಕೆ ಎಳೆದುಕೊಳ್ಳುತ್ತವೆ. ಮೇಲಿಂದ ಹೊಸ ಗಾಳಿ ಇಳಿಯಲು ಸಂದುಗಳಿಲ್ಲ. ಗಾಳಿಯಿಲ್ಲದ ಮಣ್ಣಿನಲ್ಲಿ ಕಬ್ಬಿಣ, ಮ್ಯಾಂಗನೀಸ್‌ಗಳು ನೀರಿನಲ್ಲಿ ಸುಲಭವಾಗಿ ಕರಗುವ ರೂಪಕ್ಕೆ ತಿರುಗುತ್ತವೆ. ಗಿಡಕ್ಕೆ ಚಿಟಿಕೆಯಷ್ಟು ಬೇಕಾದ ಈ ಲೋಹಗಳು ಮಿತಿಮೀರಿದರೆ ಅವೇ ವಿಷವಾಗುತ್ತವೆ.

ಮೂರನೆಯದು ಹಸಿವು. ಇದು ನಮ್ಮ ರೈತರಿಗೆ ಒಂದೇ ಮಾತಿನಲ್ಲಿ ಅರ್ಥವಾಗುವ ಸಂಗತಿ. ಕಳಿಯದ ತೆಂಗಿನ ನಾರಿನ ಪುಡಿಯನ್ನೋ ಮರದ ಹೊಟ್ಟನ್ನೋ ನೇರವಾಗಿ ಹೊಲಕ್ಕೆ ಹಾಕಿದರೆ ಪೈರು ಹಳದಿಗೆ ತಿರುಗುತ್ತದೆ. ಅದರಲ್ಲಿ ಇಂಗಾಲ ಹೇರಳ, ಸಾರಜನಕ ತೀರಾ ಕಡಿಮೆ. ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದ ಕಿತ್ತುಕೊಳ್ಳುತ್ತವೆ, ಪೈರಿಗೆ ಏನೂ ಉಳಿಯುವುದಿಲ್ಲ. ಕಚ್ಚಾ ತೈಲ ಹೆಚ್ಚುಕಡಿಮೆ ಬರೀ ಇಂಗಾಲ ಮತ್ತು ಜಲಜನಕ. ಅದು ಹೊಲಕ್ಕೆ ಬಿದ್ದರೆ ಕಳಿಯದ ಹೊಟ್ಟಿನ ಲಾರಿಗಳನ್ನೇ ತಂದು ಸುರಿದಂತೆ. ಸೂಕ್ಷ್ಮಜೀವಿಗಳಿಗೂ ಗಿಡಕ್ಕೂ ನಡುವೆ ಸಾರಜನಕ, ರಂಜಕಗಳಿಗಾಗಿ ಪೈಪೋಟಿ ಬೀಳುತ್ತದೆ. ಅದರಲ್ಲಿ ಗಿಡ ಸೋಲುತ್ತದೆ. ಕೆಳಗಿನ ಎಲೆಗಳು ಹಳದಿಯಾಗಿ ಉದುರುತ್ತವೆ, ಸುಳಿ ಗಿಡ್ಡಗಾಗುತ್ತದೆ, ತೆನೆ ಜೊಳ್ಳಾಗುತ್ತದೆ. ಬೇಳೆಕಾಳಿನ ಗಿಡದ ಬೇರಿಗೆ ಸಾರಜನಕ ಕಟ್ಟಿಕೊಡುವ ಗಂಟುಗಳೂ ಕಡಿಮೆಯಾಗುತ್ತವೆ. ಎರೆಹುಳು ಆ ಮಣ್ಣನ್ನು ಬಿಟ್ಟು ಹೋಗುತ್ತದೆ, ಇಲ್ಲವೇ ಅಲ್ಲೇ ಸಾಯುತ್ತದೆ.

ಎಲೆಯ ಮೇಲೆ ಬಿದ್ದ ಎಣ್ಣೆಯ ಕಥೆ ಬೇರೆ. ಎಲೆಯ ಅಡಿಭಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪತ್ರರಂಧ್ರಗಳಿವೆ. ಗಿಡ ಗಾಳಿ ಒಳಗೆಳೆದುಕೊಳ್ಳುವುದೂ ಬೆವರುವುದೂ ಅವುಗಳ ಮೂಲಕ. ಎಣ್ಣೆ ಆ ಬಾಯಿಗಳನ್ನು ಮುಚ್ಚುತ್ತದೆ. ಬೆವರಲಾಗದ ಎಲೆ ಬಿಸಿಲಿಗೆ ಕಾಯುತ್ತದೆ, ಅನ್ನ ತಯಾರಿಸಲಾಗದೆ ಉದುರುತ್ತದೆ. ಗಡ್ಡೆ, ಬುಡದಲ್ಲಿ ಶಕ್ತಿ ಉಳಿದಿರುವ ಹುಲ್ಲಿನ ಜಾತಿಗಳು ಮತ್ತೆ ಚಿಗುರಬಲ್ಲವು. ವರ್ಷಕ್ಕೊಮ್ಮೆ ಬೀಜದಿಂದಲೇ ಹುಟ್ಟಬೇಕಾದ ಸಣ್ಣ ಗಿಡಗಳಿಗೆ ಆ ಅವಕಾಶವಿಲ್ಲ. ಸಸ್ಯಗಳ ಮೇಲೆ ಎಣ್ಣೆ ಮಾಡುವ ಪರಿಣಾಮಗಳನ್ನೆಲ್ಲ ಒಟ್ಟುಗೂಡಿಸಿ 1970ರಲ್ಲೇ ಬ್ರಿಟನ್ನಿನ ವಿಜ್ಞಾನಿ ಜೆನಿಫರ್ ಬೇಕರ್ ಒಂದು ದೊಡ್ಡ ಸಮೀಕ್ಷಾ ಲೇಖನ ಬರೆದರು. ಎಣ್ಣೆಯ ಬಗೆ, ಪ್ರಮಾಣ, ಗಿಡದ ಜಾತಿ, ಬಿದ್ದ ಕಾಲ ಇವೆಲ್ಲ ಸೇರಿ ಫಲಿತಾಂಶ ನಿರ್ಧಾರವಾಗುತ್ತದೆ ಎಂಬ ತಿಳಿವಳಿಕೆ ಆಗಲೇ ಇತ್ತು. ಮೊಗ್ಗಿನ ಕಾಲದಲ್ಲಿ ಬಿದ್ದ ಎಣ್ಣೆ ಆ ವರ್ಷದ ಹೂವನ್ನೂ ಮುಂದಿನ ವರ್ಷದ ಬೀಜವನ್ನೂ ಒಟ್ಟಿಗೆ ತೆಗೆಯುತ್ತದೆ.

ಒಟ್ಟಿನಲ್ಲಿ, ಎಣ್ಣೆ ಬಿದ್ದ ನೆಲದಲ್ಲಿ ಮೊದಲ ವಿಷದಿಂದ ಉಳಿದುಕೊಂಡ ಗಿಡವೂ ಬಾಯಾರಿ, ಉಸಿರುಗಟ್ಟಿ, ಹಸಿದು ಸಾಯುತ್ತದೆ. ಈ ಮೂರೂ ನಡೆಯುವುದು ನೆಲದೊಳಗೆ, ನಮ್ಮ ಕಣ್ಣಿಗೆ ಕಾಣದ ಕಡೆ. ಮೇಲೆ ಹೊಸ ಮಣ್ಣು ಹರಡಿ, ನಾಲ್ಕು ಹುಲ್ಲಿನ ಎಸಳು ಕಂಡ ಮೇಲೆ ‘ಸ್ವಚ್ಛವಾಯಿತು’ ಎಂದು ಬರೆದುಕೊಟ್ಟರೆ ಏನಾಗುತ್ತದೆ? ಅದಕ್ಕೆ ಉತ್ತರ ಬೇಕಾದವರು ಓಗೊನಿ ನಾಡಿನ ಕಡೆ ನೋಡಬೇಕು.

ನೈಜೀರಿಯಾದ ನೈಜರ್ ನದಿಯ ಮುಖಜಭೂಮಿಯಲ್ಲಿ, ರಿವರ್ಸ್ ರಾಜ್ಯದಲ್ಲಿ, ಸುಮಾರು 1000 ಚದರ ಕಿಲೋಮೀಟರಿನ ಓಗೊನಿ ನಾಡಿದೆ. ಮರಗೆಣಸು ಬೆಳೆಯುವ, ಕಾಲುವೆಗಳಲ್ಲಿ ಮೀನು, ಚಿಪ್ಪು ಹಿಡಿಯುವ ಜನ. ನೈಜೀರಿಯಾದಲ್ಲಿ ತೈಲ ಮೊದಲು ಸಿಕ್ಕಿದ್ದು 1956ರಲ್ಲಿ ಓಲೊಯ್‌ಬಿರಿ ಎಂಬಲ್ಲಿ. ಎರಡು ವರ್ಷದ ನಂತರ ಓಗೊನಿಯಲ್ಲೂ ಸಿಕ್ಕಿತು. ಮುಂದಿನ ಮೂರೂವರೆ ದಶಕ ಹೊಲಗಳ ನಡುವೆ ಕೊಳವೆಗಳು ಹಾದುಹೋದವು, ಕೊಳವೆಗಳು ಸೋರಿದವು. ಜನ ಎದ್ದು ನಿಂತರು. ಅವರ ಮುಂದಾಳಾಗಿದ್ದ ಲೇಖಕ ಕೆನ್ ಸರೋ ವೀವಾ ಅವರನ್ನು ಎಂಟು ಮಂದಿ ಸಂಗಾತಿಗಳ ಜೊತೆ 1995ರ ನವೆಂಬರ್ 10ರಂದು ಅಲ್ಲಿನ ಮಿಲಿಟರಿ ಸರ್ಕಾರ ಗಲ್ಲಿಗೇರಿಸಿತು. ತೈಲ ತೆಗೆಯುತ್ತಿದ್ದ ಶೆಲ್ ಕಂಪನಿ 1993ರಲ್ಲೇ ಓಗೊನಿಯಲ್ಲಿ ಉತ್ಪಾದನೆ ನಿಲ್ಲಿಸಿತ್ತು. ಬಾವಿ ನಿಂತರೂ ಆ ನಾಡಿನ ಮೂಲಕ ಹಾದುಹೋಗುವ ಕೊಳವೆಗಳಲ್ಲಿ ತೈಲ ಹರಿಯುತ್ತಲೇ ಇತ್ತು.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ತಜ್ಞರು 14 ತಿಂಗಳು ಓಗೊನಿಯಲ್ಲಿ ಸುತ್ತಾಡಿ 2011ರ ಆಗಸ್ಟ್‌ನಲ್ಲಿ ವರದಿ ಕೊಟ್ಟರು. 200ಕ್ಕೂ ಹೆಚ್ಚು ಜಾಗಗಳನ್ನು ನೋಡಿದರು, ಕೊಳವೆ ಹಾದ 122 ಕಿಲೋಮೀಟರ್ ದಾರಿಯನ್ನು ಪರಿಶೀಲಿಸಿದರು. ಅವರು ಮಣ್ಣನ್ನು ಕೊರೆದು ನೋಡಿದ್ದೇ ದೊಡ್ಡ ಸಂಗತಿ. 49 ಕಡೆ ಎಣ್ಣೆ ಕನಿಷ್ಠ 5 ಮೀಟರ್ ಆಳಕ್ಕೆ ಇಳಿದಿತ್ತು. ಅಡಿಯಲ್ಲಿ ಜೇಡಿಮಣ್ಣಿನ ಪದರ ಇದೆ, ಎಣ್ಣೆ ಕೆಳಗಿಳಿಯುವುದಿಲ್ಲ ಎಂದು ನಂಬಲಾಗಿತ್ತು. ಅಂಥ ಅಖಂಡ ಪದರವೇ ಅಲ್ಲಿ ಇರಲಿಲ್ಲ. ಎಜಾಮಾ ಎಬುಬು ಎಂಬ ಊರಿನಲ್ಲಿ ಅದಕ್ಕೂ 40 ವರ್ಷ ಹಿಂದೆ ಚೆಲ್ಲಿದ ಎಣ್ಣೆ, ಹಲವು ಸಲ ಶುಚಿ ಮಾಡಿದ ಮೇಲೂ, ಮಣ್ಣಿನಲ್ಲಿ ದಟ್ಟವಾಗಿ ಹಾಗೆಯೇ ಇತ್ತು. ಶುಚಿಗೊಳಿಸಿ ಮುಗಿಯಿತೆಂದು ಕಂಪನಿಯ ಕಡತಗಳಲ್ಲಿ ದಾಖಲಾಗಿದ್ದ 15 ಜಾಗಗಳನ್ನು ತಜ್ಞರು ಮತ್ತೆ ಪರೀಕ್ಷಿಸಿದರು. ಅವುಗಳಲ್ಲಿ 10ರಲ್ಲಿ ಎಣ್ಣೆ ಕಂಪನಿಯೇ ಒಪ್ಪಿದ್ದ ಮಿತಿಗಿಂತ ಹೆಚ್ಚಿತ್ತು.

ಹೊಲದಲ್ಲಿ ಇದರ ಫಲ ಏನಾಯಿತೆಂದು ಅದೇ ವರದಿ ಹೇಳುತ್ತದೆ. ಎಣ್ಣೆ ಬೇರಿನ ಮಟ್ಟಕ್ಕೆ ಇಳಿದರೆ ಪೈರು ಬಳಲುತ್ತದೆ, ಸಾಯಲೂಬಹುದು. ಮರಗೆಣಸಿನಂಥ ಗೆಡ್ಡೆ ಬೆಳೆ ತಿನ್ನಲು ಬಾರದಂತಾಗುತ್ತದೆ. ಮತ್ತೆ ಬೇಸಾಯ ಶುರು ಮಾಡಿದರೂ ಗಿಡಗಳು ಸೊರಗಿಯೇ ಇರುತ್ತವೆ, ಇಳುವರಿ ಇಳಿಯುತ್ತದೆ. ಚೆಲ್ಲಿದ ಎಣ್ಣೆಗೆ ಬೆಂಕಿ ಬಿದ್ದ ಕಡೆ ಮಣ್ಣಿನ ಮೇಲೆ ಗಟ್ಟಿ ಹೆಪ್ಪು ಕಟ್ಟುತ್ತದೆ, ಅಲ್ಲಿ ಏನನ್ನೂ ಮತ್ತೆ ಬೆಳೆಸುವುದು ಇನ್ನೂ ಕಷ್ಟ. ಮರಗೆಣಸನ್ನೇ ನೆಚ್ಚಿದ ಮನೆಯ ಹೆಣ್ಣುಮಗಳಿಗೆ ಇದರ ಅರ್ಥ ಏನೆಂದು ಅಂಕಿಗಳಿಂದ ತಿಳಿಯದು. ಮಣ್ಣಿನೊಳಗೆ ಗೆಡ್ಡೆ ಕಟ್ಟಿದೆಯೋ ಇಲ್ಲವೋ ಎಂದು ಕಿತ್ತು ನೋಡುವವರೆಗೆ ತಿಳಿಯದ ಬೆಳೆ ಅದು. ವರ್ಷವಿಡೀ ಕಾದು ಕಿತ್ತಾಗ ಎಣ್ಣೆಯ ವಾಸನೆ ಬಂದರೆ ಆ ವರ್ಷದ ಅನ್ನವೇ ಹೋದಂತೆ.

ಓಗೊನಿಯ ಕಾಲುವೆಗಳ ದಡದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳಿದ್ದವು. ಕುಂದಾಪುರ, ಹೊನ್ನಾವರ, ಕಾರವಾರದ ಕಡೆಯವರಿಗೆ ಈ ಮರಗಳ ಪರಿಚಯ ಹೇಳಬೇಕಿಲ್ಲ. ಉಪ್ಪುನೀರಿನ ಕೆಸರಿನಲ್ಲಿ ಗಾಳಿ ಇರುವುದಿಲ್ಲ. ಅದಕ್ಕೆಂದೇ ಈ ಮರಗಳು ಬೇರನ್ನು ಕೆಸರಿನ ಮೇಲಕ್ಕೆತ್ತಿ ಉಸಿರಾಡುತ್ತವೆ. ಕೆಲವು ಜಾತಿಗಳಲ್ಲಿ ಬೇರು ಊರುಗೋಲಿನಂತೆ ಕಾಂಡದಿಂದ ಇಳಿಬಿದ್ದಿರುತ್ತದೆ, ಕೆಲವುದರಲ್ಲಿ ಪೆನ್ಸಿಲ್ ನೆಟ್ಟಂತೆ ಕೆಸರಿನಿಂದ ಮೇಲೆದ್ದಿರುತ್ತದೆ. ಆ ಬೇರಿನ ತೊಗಟೆಯ ಮೇಲೆ ಸಾಸಿವೆಗಿಂತ ಚಿಕ್ಕ ರಂಧ್ರಗಳಿವೆ. ಭರತದ ನೀರಿನ ಜೊತೆ ತೇಲಿ ಬರುವ ಎಣ್ಣೆ ಇಳಿತದ ಹೊತ್ತಿಗೆ ಸರಿಯಾಗಿ ಆ ರಂಧ್ರಗಳ ಮೇಲೆ ಕೂರುತ್ತದೆ. ಓಗೊನಿಯಲ್ಲಿ ಕೆಲವೆಡೆ ಬೇರುಗಳ ಮೇಲೆ ಒಂದು ಸೆಂಟಿಮೀಟರಿಗೂ ದಪ್ಪದ ಡಾಂಬರಿನಂಥ ಪದರವನ್ನು ತಜ್ಞರು ಕಂಡರು. ಮೂಗು ಮುಚ್ಚಿದ ಮರ ಎಲೆ ಉದುರಿಸಿ, ಬೋಳು ಕೊಂಬೆಗಳಾಗಿ ನಿಲ್ಲುತ್ತದೆ.

ಕಾಂಡ್ಲಾ ಜಾತಿಯ ಕೆಲವು ಮರಗಳ ಬೀಜ ತಾಯಿಮರದ ಮೇಲಿರುವಾಗಲೇ ಮೊಳೆಯುತ್ತದೆ. ನುಗ್ಗೆಕಾಯಿಯಂಥ ಉದ್ದನೆಯ ಹಸಿರು ಸಸಿ ಕೊಂಬೆಯಿಂದ ನೇತಾಡುತ್ತದೆ, ಬಲಿತ ಮೇಲೆ ಕೆಸರಿಗೆ ಬೀಳುತ್ತದೆ. ಪೋರ್ಟೊ ರಿಕೊ ದ್ವೀಪದಲ್ಲಿ ವಿಜ್ಞಾನಿಗಳು 1994ರಲ್ಲಿ ವರದಿ ಮಾಡಿದ ಒಂದು ಸಂಗತಿ ನನ್ನ ಮನಸ್ಸನ್ನು ಬಿಟ್ಟು ಹೋಗಿಲ್ಲ. ಕೆಸರಿನಲ್ಲಿ ಎಣ್ಣೆಯ ಅಂಶ ಹೆಚ್ಚಿದ್ದ ಕಡೆ ಹಸಿರೇ ಇಲ್ಲದ ಬಿಳಿಚು ಸಸಿಗಳನ್ನು ಹೊತ್ತ ಮರಗಳು ಹೆಚ್ಚು ಕಂಡವು. ಪತ್ರಹರಿತ್ತು ತಯಾರಿಸುವ ಶಕ್ತಿಯನ್ನೇ ಕಳೆದುಕೊಂಡ ಕೂಸುಗಳವು. ತಾಯಿ ಉಣಿಸುವ ತನಕ ಕೊಂಬೆಯಲ್ಲಿ ನೇತಾಡುತ್ತವೆ, ಬಿದ್ದ ಮೇಲೆ ಬದುಕುವುದಿಲ್ಲ. ಹೊರನೋಟಕ್ಕೆ ಮರ ನಿಂತಿದ್ದರೂ ಅದರ ಸಂತಾನಕ್ಕೆ ಹತ್ತಿದ ಪೆಟ್ಟು ಹೀಗೆ ಹೊರಬರುತ್ತದೆ.

ಓಗೊನಿಯ ಬೋಡೊ ಎಂಬ ಊರಿನಲ್ಲಿ 2008ರಲ್ಲಿ ಎರಡು ಬಾರಿ ದೊಡ್ಡ ಕೊಳವೆ ಸೋರಿತು. ಸಾವಿರ ಹೆಕ್ಟೇರಿನಷ್ಟು ಕಾಂಡ್ಲಾ ಹಾಳಾಯಿತು. ಊರಿನವರು ಲಂಡನ್ನಿನ ನ್ಯಾಯಾಲಯದ ಮೆಟ್ಟಿಲೇರಿದರು. 2015ರ ಜನವರಿಯಲ್ಲಿ ಶೆಲ್‌ನ ನೈಜೀರಿಯಾ ಘಟಕ 5.5 ಕೋಟಿ ಪೌಂಡ್ ಪರಿಹಾರ ಕೊಡಲು ಒಪ್ಪಿತು. ಆ ನಾಡಿನಲ್ಲಿ ಕೊಳವೆ ಕೊರೆದು ಎಣ್ಣೆ ಕದಿಯುವವರೂ ಇದ್ದಾರೆ, ಕಾಂಡ್ಲಾ ಮರೆಯಲ್ಲಿ ಅದನ್ನು ಕಾಯಿಸಿ ಡೀಸೆಲ್ ತೆಗೆಯುವವರೂ ಇದ್ದಾರೆ. ಅದರಿಂದಾದ ಹಾನಿಯೂ ದೊಡ್ಡದೆಂದು ವಿಶ್ವಸಂಸ್ಥೆಯ ವರದಿಯೇ ಹೇಳಿದೆ. ಆದರೆ ಬೋಡೊದ ಆ ಎರಡು ಸೋರಿಕೆಗಳ ಹೊಣೆಯನ್ನು ಕಂಪನಿಯೇ ಒಪ್ಪಿಕೊಂಡಿತ್ತು.

ಕಾಂಡ್ಲಾ ಸತ್ತ ಕೆಸರು ಖಾಲಿ ಉಳಿಯುವುದಿಲ್ಲ. ನೈಜರ್ ಮುಖಜದಲ್ಲಿ ಆ ಜಾಗಕ್ಕೆ ನೀಪಾ ಎಂಬ ತಾಳೆಯ ಜಾತಿ ನುಗ್ಗುತ್ತಿದೆ. ಅದು ಏಷ್ಯಾದ ಗಿಡ. 1906ರಲ್ಲಿ ಸಿಂಗಪುರದ ಸಸ್ಯೋದ್ಯಾನದಿಂದ ಬೀಜ ತಂದು ನೈಜೀರಿಯಾದ ಕಲಾಬಾರ್ ಬಳಿ ನೆಟ್ಟಿದ್ದರು. ದೋಣಿಯಲ್ಲಿ ಹೋಗುವವರಿಗೆ ದಡ ಹಚ್ಚಗೆ ಕಾಣುತ್ತದೆ. ಆದರೆ ಕಾಂಡ್ಲಾದ ಊರುಗೋಲು ಬೇರುಗಳ ನಡುವೆ ಅಡಗಿ ಬೆಳೆಯುತ್ತಿದ್ದ ಮೀನಿನ ಮರಿ, ಏಡಿ, ಚಿಪ್ಪುಗಳಿಗೆ ಅಲ್ಲಿ ಆ ಆಸರೆ ಇಲ್ಲ. ಹಸಿರು ಬಣ್ಣ ಕಂಡ ಮಾತ್ರಕ್ಕೆ ನೆಲ ಗುಣವಾಯಿತು ಎನ್ನಲಾಗದು.

ನಮ್ಮ ದೇಶದಲ್ಲೂ ಈ ಗಾಯ ಹಸಿಯಾಗಿದೆ. ಅಸ್ಸಾಮಿನ ತಿನ್ಸುಕಿಯಾ ಜಿಲ್ಲೆಯ ಡಿಗ್‌ಬೋಯ್‌ನಲ್ಲಿ 1889ರಿಂದಲೇ ತೈಲ ತೆಗೆಯುತ್ತಿದ್ದಾರೆ. ಅದೇ ಜಿಲ್ಲೆಯ ಬಾಗ್‌ಜಾನ್‌ನಲ್ಲಿ 2020ರ ಮೇ 27ರಂದು ಆಯಿಲ್ ಇಂಡಿಯಾದ 5ನೇ ನಂಬರಿನ ಅನಿಲ ಬಾವಿ ಸಿಡಿಯಿತು. ಜೂನ್ 9ರಂದು ಬೆಂಕಿ ಹತ್ತಿತು, ಅಗ್ನಿಶಾಮಕದ ಇಬ್ಬರು ಪ್ರಾಣ ಕಳೆದುಕೊಂಡರು. ಬಾವಿಯ ಬಾಯಿ ಪೂರ್ತಿ ಮುಚ್ಚಿದ್ದು ನವೆಂಬರಿನಲ್ಲಿ. ಅನಿಲದ ಜೊತೆ ಚಿಮ್ಮಿದ ತೆಳು ಎಣ್ಣೆ ಚಹಾ ತೋಟಗಳ ಮೇಲೆ, ಅಡಿಕೆ, ಬಿದಿರುಗಳ ಮೇಲೆ, ಭತ್ತದ ಗದ್ದೆಯ ಮೇಲೆ ಹನಿಹನಿಯಾಗಿ ಬಿತ್ತು. ಪಕ್ಕದ ಮಾಗುರಿ ಮೊಟಾಪುಂಗ್ ಜೌಗಿನ ನೀರಿನ ಮೇಲೆ ಎಣ್ಣೆ ಪದರ ಕಟ್ಟಿತು. ಡಿಬ್ರು ಸೈಖೋವಾ ರಾಷ್ಟ್ರೀಯ ಉದ್ಯಾನ ಅಲ್ಲೇ ಹತ್ತಿರದಲ್ಲಿದೆ. ತಮಿಳುನಾಡಿನ ಎಣ್ಣೂರಿನಲ್ಲಿ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದ ನೆರೆಯ ಜೊತೆ ಎಣ್ಣೆ ಹರಿದು ಬಂದು ಅಳಿವೆಯ ಕಾಂಡ್ಲಾ ಬೇರುಗಳಿಗೆ ಮೆತ್ತಿಕೊಂಡಿತು.

ಗುಣಪಡಿಸುವ ದಾರಿ ಇದೆಯೇ? ಇದೆ. ಅದರ ಒಂದು ಸುಳಿವು ಸಿಕ್ಕಿದ್ದು ಮರಳುಗಾಡಿನಲ್ಲಿ. 1991ರ ಕೊಲ್ಲಿ ಯುದ್ಧದಲ್ಲಿ ಕುವೈತ್‌ನ 600ಕ್ಕೂ ಹೆಚ್ಚು ತೈಲ ಬಾವಿಗಳಿಗೆ ಬೆಂಕಿ ಇಡಲಾಯಿತು. ಉರಿಯದೆ ಹರಿದ ತೈಲ ಮರಳಿನಲ್ಲಿ ಕೆರೆಕೆರೆಯಾಗಿ ನಿಂತಿತು. ಕೆಲವು ವರ್ಷಗಳಲ್ಲಿ ಆ ಕಪ್ಪು ಮರಳಿನ ಅಂಚಿನಲ್ಲಿ ಹಳದಿ ಹೂ ಬಿಡುವ, ಸೇವಂತಿಗೆಯ ಬಳಗದ ಒಂದು ಸಣ್ಣ ಕಾಡುಗಿಡ ತಲೆಯೆತ್ತಿತು. ಕುವೈತ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದನ್ನು ಕಿತ್ತು ನೋಡಿದರು. ಸುತ್ತ ಎಣ್ಣೆ ಮೆತ್ತಿದ ಮರಳಿದ್ದರೂ ಬೇರು ಬೆಳ್ಳಗೆ, ಎಣ್ಣೆಯ ಗುರುತಿಲ್ಲದೆ ಆರೋಗ್ಯವಾಗಿತ್ತು. ಬೇರಿಗೆ ಅಂಟಿಕೊಂಡ ಮರಳಿನಲ್ಲಿ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಗಳು ಹಿಂಡುಗಟ್ಟಿದ್ದವು. 1995ರಲ್ಲಿ ‘ನೇಚರ್’ ಪತ್ರಿಕೆ ಇದನ್ನು ಪ್ರಕಟಿಸಿತು. ಬೇರು ಎಣ್ಣೆಯನ್ನು ತಿನ್ನುವುದಿಲ್ಲ. ಅದು ತಾನು ಸ್ರವಿಸುವ ಸಕ್ಕರೆ, ಆಮ್ಲಗಳಿಂದ ಈ ಜೀವಿಗಳನ್ನು ಸಾಕುತ್ತದೆ, ಮಣ್ಣನ್ನು ಬಿರಿಸಿ ಗಾಳಿ ಕೊಡುತ್ತದೆ. ಜೀವಿಗಳು ಎಣ್ಣೆಯನ್ನು ತಿಂದು ಬೇರಿಗೆ ದಾರಿ ಮಾಡಿಕೊಡುತ್ತವೆ.

ಮದ್ದು ಕೂಡ ಈ ಒಡಂಬಡಿಕೆಯ ಮೇಲೆಯೇ ನಿಂತಿದೆ. ಎಣ್ಣೆ ಬಿದ್ದ ಮಣ್ಣಿಗೆ ಗಾಳಿ ಬೇಕು, ಆದ್ದರಿಂದ ಮತ್ತೆ ಮತ್ತೆ ಉಳಬೇಕು. ಸಾರಜನಕ, ರಂಜಕ ಬೇಕು. ನೂರು ಪಾಲು ಇಂಗಾಲಕ್ಕೆ ಹತ್ತು ಪಾಲು ಸಾರಜನಕ, ಒಂದು ಪಾಲು ರಂಜಕ ಎಂಬುದು ಈ ಕೆಲಸದವರು ಬಳಸುವ ಅಂದಾಜು. ತೇವ ಬೇಕು. ಮೊದಲ ಬಿಸಿ ಕಳೆದ ಮೇಲೆ ಜಡೆಬೇರಿನ ಹುಲ್ಲು, ಲಾವಂಚ, ಕುದುರೆಮೆಂತೆಯಂಥವನ್ನು ಬೆಳೆಸಬೇಕು. ನಮ್ಮ ದೇಶದ ಟೆರಿ ಎಂಬ ಸಂಶೋಧನಾ ಸಂಸ್ಥೆ ‘ಆಯಿಲ್‌ಝ್ಯಾಪರ್’ ಎಂಬ ಬ್ಯಾಕ್ಟೀರಿಯಾಗಳ ಮಿಶ್ರಣ ತಯಾರಿಸಿದೆ. ಒಂದೊಂದು ಬ್ಯಾಕ್ಟೀರಿಯಾ ಎಣ್ಣೆಯ ಒಂದೊಂದು ಅಂಶವನ್ನು ತಿನ್ನುತ್ತದೆ. ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡನ್ನು ಪುಡಿ ಮಾಡಿ, ಅದರಲ್ಲಿ ಈ ಜೀವಿಗಳನ್ನು ಕೂರಿಸಿ ಹೊಲಕ್ಕೆ ಒಯ್ಯುತ್ತಾರೆ. ನಮ್ಮ ಅಪ್ಪನಿಗೆ ಇದೊಂದೂ ಗೊತ್ತಿರಲಿಲ್ಲ. ಆ ಮೊರದಗಲ ಜಾಗಕ್ಕೆ ಅವರು ಬುಟ್ಟಿ ಬುಟ್ಟಿ ಕೊಟ್ಟಿಗೆ ಗೊಬ್ಬರ ಸುರಿದು, ತಿಂಗಳಿಗೊಮ್ಮೆ ಗುದ್ದಲಿಯಿಂದ ಮಗುಚಿ, ಬಾವಿಯ ನೀರು ಚಿಮುಕಿಸಿದರು. ಮೂರನೆಯ ಮಳೆಗಾಲದಲ್ಲಿ ಅಂಚಿನಿಂದ ಗರಿಕೆ ಒಂದೊಂದೇ ಗೆಣ್ಣು ಊರಿಕೊಂಡು ಒಳಗೆ ಬಂತು.

ಮೊರದಗಲಕ್ಕೆ ಮೂರು ವರ್ಷ. ಓಗೊನಿಗೆ 25ರಿಂದ 30 ವರ್ಷ ಬೇಕಾಗಬಹುದು, ಮೊದಲ ಐದು ವರ್ಷಕ್ಕೇ 100 ಕೋಟಿ ಡಾಲರ್ ಬೇಕು ಎಂದು ವಿಶ್ವಸಂಸ್ಥೆಯ ತಜ್ಞರು ಅಂದಾಜು ಮಾಡಿದರು. ಅಷ್ಟು ಕಾಯಲು ಮನಸ್ಸಿಲ್ಲದೆ ಆತುರಪಟ್ಟರೆ ಹಾನಿ ಹೆಚ್ಚುತ್ತದೆ. 1978ರ ಮಾರ್ಚ್‌ನಲ್ಲಿ ಫ್ರಾನ್ಸಿನ ಬ್ರಿಟನಿ ಕರಾವಳಿಯಲ್ಲಿ ‘ಅಮೋಕೊ ಕ್ಯಾಡಿಝ್’ ಹಡಗು ಒಡೆದು ಎರಡು ಲಕ್ಷ ಟನ್ನಿಗೂ ಹೆಚ್ಚು ಕಚ್ಚಾ ತೈಲ ಚೆಲ್ಲಿತು. ಇಲ್ ಗ್ರಾಂಡ್ ಎಂಬಲ್ಲಿನ ಉಪ್ಪು ಜೌಗಿನಿಂದ ಎಣ್ಣೆ ತೆಗೆಯಲು ಭಾರಿ ಯಂತ್ರಗಳನ್ನು ಇಳಿಸಿ, ಮೇಲ್ಮಣ್ಣನ್ನು ಬೇರುಸಮೇತ ಕೆರೆದು ಹಾಕಿದರು. ಹಾಗೆ ಕೆರೆದ ಭಾಗ ಚೇತರಿಸಿಕೊಳ್ಳಲು, ಎಣ್ಣೆಯ ಜೊತೆಗೇ ಬಿಟ್ಟ ಜೌಗಿಗಿಂತ ಹೆಚ್ಚು ಕಾಲ ಹಿಡಿಯಿತು. ಬೇರು ಮಣ್ಣನ್ನು ಹಿಡಿದಿಡುತ್ತದೆ. ಬೇರು ಹೋದ ಮೇಲೆ ಅಲೆ ಮಣ್ಣನ್ನೇ ಒಯ್ಯುತ್ತದೆ.

ನಮಗೇಕೆ ಈ ಮಾತು? ಕರ್ನಾಟಕದಲ್ಲಿ ತೈಲ ಬಾವಿಗಳಿಲ್ಲ. ಆದರೆ ಮಂಗಳೂರಿನಲ್ಲಿ ದೊಡ್ಡ ಸಂಸ್ಕರಣಾಗಾರವಿದೆ. ದೇಶದ ತುರ್ತಿಗೆಂದು ನೆಲದಡಿಯ ಬಂಡೆ ಕೊರೆದು ಕಚ್ಚಾ ತೈಲ ಕೂಡಿಡುವ ಗುಹೆಗಳು ಮಂಗಳೂರಿನಲ್ಲೂ ಉಡುಪಿ ಜಿಲ್ಲೆಯ ಪಾದೂರಿನಲ್ಲೂ ಇವೆ. ಮಂಗಳೂರಿನದು 15 ಲಕ್ಷ ಟನ್, ಪಾದೂರಿನದು 25 ಲಕ್ಷ ಟನ್ ಹಿಡಿಯುತ್ತದೆ. ಆ ತೈಲವೆಲ್ಲ ಹಡಗಿನಲ್ಲಿ ನಮ್ಮ ಕಡಲ ಮೇಲೆಯೇ ಬರುತ್ತದೆ. ಮಳೆಗಾಲದ ಆಸುಪಾಸಿನಲ್ಲಿ ಪಡುವಣ ಕಡಲ ತೀರಕ್ಕೆ ಬಂದು ಬೀಳುವ ಡಾಂಬರು ಉಂಡೆಗಳನ್ನು ಬರಿಗಾಲಲ್ಲಿ ತುಳಿದವರು ಅನೇಕರಿದ್ದಾರೆ. ಅದೇ ತೀರದಲ್ಲಿ ಪಂಚಗಂಗಾವಳಿ, ಶರಾವತಿ, ಅಘನಾಶಿನಿ, ಕಾಳಿಯ ಅಳಿವೆಗಳಿವೆ, ಅಳಿವೆಗಳಲ್ಲಿ ಕಾಂಡ್ಲಾ ಇದೆ, ಕಾಂಡ್ಲಾದ ಬೇರಿನ ನಡುವೆ ಸಾವಿರಾರು ಮನೆಗಳ ಅನ್ನ ಇದೆ.

ಆದ್ದರಿಂದ ನಾನು ಕೇಳುವುದು ಎರಡು ಕೆಲಸ. ಅಪಘಾತ ಆಗುವ ಮುಂಚೆಯೇ ನಮ್ಮ ಅಳಿವೆಗಳ ಕೆಸರಿನಲ್ಲಿ ಏನಿದೆ, ಕಾಂಡ್ಲಾದ ಯಾವ ಜಾತಿ ಎಲ್ಲಿ ಎಷ್ಟಿದೆ ಎಂದು ಅಳೆದು, ಆ ಲೆಕ್ಕವನ್ನು ಪಂಚಾಯಿತಿ ಕಚೇರಿಯಲ್ಲಿ ಜನರ ಕೈಗೆ ಸಿಗುವಂತೆ ಇಡಬೇಕು. ಮುಂಚಿನ ಲೆಕ್ಕ ಇಲ್ಲದಿದ್ದರೆ ಆಮೇಲೆ ಎಷ್ಟು ಹೋಯಿತು ಎಂದು ಹೇಳುವವರೇ ಇರುವುದಿಲ್ಲ. ಎರಡನೆಯದು, ದೇಶದ ಯಾವ ಮೂಲೆಯಲ್ಲಿ ಎಣ್ಣೆ ಚೆಲ್ಲಿದರೂ ‘ಶುಚಿಯಾಯಿತು’ ಎಂಬ ಪತ್ರಕ್ಕೆ ಸಹಿ ಬೀಳುವ ಮುಂಚೆ ಅಲ್ಲಿನ ಮಣ್ಣನ್ನು ಆಳಕ್ಕೆ ಕೊರೆದು ನೋಡಬೇಕು. ಚೆಲ್ಲಿದ ಕಂಪನಿಗೆ ಸೇರದವರು ಕೊರೆಯಬೇಕು, ಆ ಊರಿನ ಬೇಸಾಯಗಾರರೂ ಮೀನುಗಾರರೂ ಎದುರಿಗೆ ನಿಂತಿರಬೇಕು. ಒಂದು ಮಳೆಗಾಲ ಕಳೆದ ಮೇಲೆ ಅದೇ ಮಣ್ಣಿನಲ್ಲಿ ಅವರ ಊರಿನದೇ ಬೀಜ ಬಿತ್ತಿ, ಅದು ಮೊಳೆತು, ಬೇರು ಬಿಟ್ಟು, ಕಾಳು ಕಟ್ಟುವವರೆಗೂ ಕಾಯಬೇಕು. ಆ ಕಾಳನ್ನು ಕೈಯಲ್ಲಿ ಹಿಡಿದ ರೈತ ಒಪ್ಪಿದ ದಿನ ಆ ಪತ್ರಕ್ಕೆ ಸಹಿ ಬೀಳಲಿ.